ಕತ್ತರಿಗೆ ಸುತ್ತಿದ ಬಟ್ಟೆ ಬಿಚ್ಚಬೇಡಿ

ಅಜ್ಜಿಯ ಹೊಲಿಗೆ ಕತ್ತರಿ ನನ್ನ ಕೈಗೆ ಬಂದಾಗ ಅದರ ಒಂದು ಹಿಡಿಗೆ ಹಳೇ ಬಟ್ಟೆ ಸುತ್ತಿತ್ತು. ಎಣ್ಣೆ, ಬೆವರು, ಧೂಳು ಸೇರಿ ಬಟ್ಟೆ ಕಪ್ಪಾಗಿತ್ತು. ಅದನ್ನು ಬಿಚ್ಚಿ ಎಸೆದು, ಕಬ್ಬಿಣ ಉಜ್ಜಿ ಪಳಪಳ ಮಾಡೋಣ ಅಂತ ಕೂತಿದ್ದೆ. ಪಕ್ಕದಲ್ಲಿದ್ದ ಸೋದರತ್ತೆ ನನ್ನ ಕೈ ಹಿಡಿದುಕೊಂಡರು.

"ಬಿಚ್ಚಬೇಡ ಕಣೇ. ನಿಮ್ಮಪ್ಪನ ಮೊದಲನೇ ಅಂಗಿ ಹೊಲಿದಾಗ ಉಳಿದ ತುಂಡು ಅದು. ಅಮ್ಮಂಗೆ ಎಡಗೈ ರೂಢಿ ಅಲ್ವಾ, ಕತ್ತರಿ ನೋಡಿದ್ರೆ ಬಲಗೈದು. ಒತ್ತಿ ಒತ್ತಿ ಹೆಬ್ಬೆರಳಿಗೆ ಗುಳ್ಳೆ ಏಳ್ತಿತ್ತು. ಅದಕ್ಕೇ ಸುತ್ಕೊಂಡಿದ್ದು."

ಹಾಗೆ ಹೇಳುತ್ತಲೇ ಕತ್ತರಿ ತೆಗೆದುಕೊಂಡು ತಮ್ಮ ಎಡಗೈ ಹೆಬ್ಬೆರಳನ್ನು ಆ ಸುರುಳಿಯೊಳಗೆ ಇಟ್ಟು ತೋರಿಸಿದರು. ಬೆರಳು ಕೂರುವ ಜಾಗದಲ್ಲಿ ಬಟ್ಟೆ ತಗ್ಗಾಗಿತ್ತು. ಅಜ್ಜಿಗೆ ಎಡಗೈ ರೂಢಿ ಇತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿರುವ ಅವಳ ಯಾವ ಫೋಟೋದಲ್ಲೂ ಅದು ಕಾಣುವುದಿಲ್ಲ. ನನ್ನ ಮಗಳಿಗೂ ಎಡಗೈಯೇ ಓಡುವುದು.

ಆವತ್ತಿನಿಂದ ನಾನು ಮನೆಯ ಹಳೇ ವಸ್ತುಗಳನ್ನು ಕೂಡಿಡುತ್ತಾ ಬಂದಿದ್ದೇನೆ. ಈಗ ಪಟ್ಟಿಯಲ್ಲಿ 61 ಇವೆ. ಹೊಸದಾಗಿ ಶುರುಮಾಡುವವರಿಗೆ ಉಪಯೋಗವಾಗಲಿ ಅಂತ, ನಾನು ಕಲಿತದ್ದನ್ನು ಕಲಿತ ಹಾಗೇ ಬರೆಯುತ್ತಿದ್ದೇನೆ.

ಮೊದಲು ಕೇಳಿ, ಆಮೇಲೆ ಒರೆಸಿ

ಹಳೇ ವಸ್ತು ಕೈಗೆ ಸಿಕ್ಕ ಕೂಡಲೇ ತೊಳೆಯುವ ಆಸೆ ಆಗುತ್ತದೆ. ದಯವಿಟ್ಟು ತಡೆಯಿರಿ. ನಾನು ಒಮ್ಮೆ ತಡೆಯಲಿಲ್ಲ. ಅಜ್ಜನ ಮರದ ಪೆಟ್ಟಿಗೆಯ ಮುಚ್ಚಳದ ಒಳಗಡೆ ಪೆನ್ಸಿಲಿನಲ್ಲಿ ಏನೋ ಗೀಚಿತ್ತು. ಯಾವುದೋ ಲೆಕ್ಕ ಇರಬೇಕು ಅಂದುಕೊಂಡು ಒದ್ದೆ ಬಟ್ಟೆಗೆ ಸೋಪು ಹಚ್ಚಿ ತಿಕ್ಕಿಬಿಟ್ಟೆ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಅದು ಅಜ್ಜ ತನ್ನ ಏಳು ಮಕ್ಕಳು ಹುಟ್ಟಿದ ದಿನಗಳನ್ನು ಬರೆದಿಟ್ಟಿದ್ದು. ಅವರಲ್ಲಿ ಇಬ್ಬರು ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಆ ಇಬ್ಬರು ಹುಟ್ಟಿದ ದಿನ ಬೇರೆ ಎಲ್ಲೂ ಬರೆದಿರಲಿಲ್ಲ. ಈಗಲೂ ಆ ಮುಚ್ಚಳ ತೆರೆದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾಗಿ ಮೊದಲ ಕೆಲಸ, ವಸ್ತು ಹೇಗಿದೆಯೋ ಹಾಗೇ ಫೋಟೋ ತೆಗೆಯುವುದು. ಫೋನ್ ಸಾಕು. ಮೇಲೆ, ಕೆಳಗೆ, ಒಳಗೆ, ಹಿಂದೆ, ಎಲ್ಲಾ ಕಡೆಯಿಂದ ತೆಗೆಯಿರಿ. ಕಿಟಕಿಯ ಪಕ್ಕ ಇಟ್ಟು ಬೆಳಕು ಓರೆಯಾಗಿ ಬೀಳುವ ಹಾಗೆ ಮಾಡಿದರೆ ಸವೆದುಹೋದ ಅಕ್ಷರ, ಮುದ್ರೆ, ಗೀರು ಎದ್ದು ಕಾಣುತ್ತವೆ.

ಆಮೇಲೆ ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. "ಹಳೇ ಕಾಲದ ವಿಷಯ ಏನಾದ್ರೂ ಹೇಳಿ" ಅಂದರೆ ಯಾರಿಗೂ ಥಟ್ಟನೆ ನೆನಪಾಗುವುದಿಲ್ಲ. ವಸ್ತುವನ್ನು ಅವರ ಕೈಗೆ ಕೊಟ್ಟು ಸುಮ್ನೆ ಕೂತಿರಿ. ಕತ್ತರಿ ಕೈಯಲ್ಲಿ ಇಲ್ಲದಿದ್ದರೆ ಅತ್ತೆ ಆ ಗುಳ್ಳೆಯ ಮಾತು ಎತ್ತುತ್ತಲೇ ಇರಲಿಲ್ಲ. ಕೇಳುವುದೇ ಆದರೆ ಸಣ್ಣ ಪ್ರಶ್ನೆ ಕೇಳಿ. ಇದು ಮನೆಯಲ್ಲಿ ಎಲ್ಲಿರುತ್ತಿತ್ತು? ಕೆಟ್ಟಾಗ ರಿಪೇರಿ ಮಾಡಿದವರು ಯಾರು? ಇದನ್ನು ಮುಟ್ಟಿದರೆ ಯಾರಿಗೆ ಬೈಗುಳ ಬೀಳುತ್ತಿತ್ತು? ಕೊನೆಯ ಪ್ರಶ್ನೆಗೆ ಉತ್ತರ ಬಾರದೇ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಅವರು ಒಪ್ಪಿದರೆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಾತು ತಡವರಿಸಿದರೆ, ಕಣ್ಣು ತುಂಬಿದರೆ, ಅಲ್ಲಿಗೇ ಬಿಟ್ಟುಬಿಡಿ. ಇನ್ನೊಂದು ದಿನ ಅವರೇ ಎತ್ತುತ್ತಾರೆ, ಇಲ್ಲದಿದ್ದರೂ ಪರವಾಗಿಲ್ಲ.

ಕೇಳಿದ್ದನ್ನು ಅದೇ ದಿನ ಬರೆಯಬೇಕು. ನಾನು ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಇಟ್ಟಿದ್ದೇನೆ. ಒಂದು ವಸ್ತುವಿಗೆ ಒಂದು ಪುಟ. ನಂಬರು, ಅಳತೆ, ಯಾರು ಕೊಟ್ಟರು, ಯಾವಾಗ, ಯಾರು ಏನು ಹೇಳಿದರು. ದೊಡ್ಡಪ್ಪ ಒಂದು ಹೇಳಿ ಅತ್ತೆ ಇನ್ನೊಂದು ಹೇಳಿದರೆ ಎರಡನ್ನೂ ಬರೆಯುತ್ತೇನೆ, ಯಾರ ಮಾತು ಯಾವುದು ಅಂತಾನೂ ಬರೆಯುತ್ತೇನೆ. ತೀರ್ಪು ಕೊಡುವ ಕೆಲಸ ನಮ್ಮದಲ್ಲ. ನಂಬರನ್ನು ವಸ್ತುವಿನ ಮೇಲೆ ಅಂಟಿಸಬೇಡಿ. ಸ್ಟಿಕ್ಕರ್ ಮತ್ತು ಸೆಲ್ಲೋಟೇಪಿನ ಅಂಟು ವರ್ಷ ಕಳೆದಂತೆ ಹಳದಿಯಾಗಿ ಒಳಕ್ಕೆ ಇಳಿಯುತ್ತದೆ. ಒಂದು ಚೀಟಿಗೆ ಪೆನ್ಸಿಲಿನಲ್ಲಿ ಬರೆದು, ಬಿಳಿ ಹತ್ತಿ ದಾರದಲ್ಲಿ ಕಟ್ಟಿ.

ಕಾಗದ ಮತ್ತು ಫೋಟೋ

ಮನೆಯಲ್ಲಿ ಜಾಸ್ತಿ ಸಿಗುವುದು ಇವೇ, ಬೇಗ ಹಾಳಾಗುವುದೂ ಇವೇ. ಪತ್ರದ ಕಟ್ಟು ಸಿಕ್ಕರೆ ಮೊದಲು ರಬ್ಬರ್ ಬ್ಯಾಂಡ್, ಗುಂಡುಪಿನ್ನು, ಕ್ಲಿಪ್ಪು ತೆಗೆಯಿರಿ. ರಬ್ಬರು ಕರಗಿ ಅಂಟುತ್ತದೆ, ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಪತ್ರ ಬಿಡಿಸಿ ಚಪ್ಪಟೆಯಾಗಿ ಇಡಿ. ಮಡಿಕೆ ಇದ್ದ ಕಡೆಯೇ ಮೊದಲು ಹರಿಯುವುದು.

ಕೆಲವು ಹಳೇ ಪತ್ರಗಳಲ್ಲಿ ಅಕ್ಷರ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮಾಚಿಕಾಯಿ ರಸಕ್ಕೆ ಕಬ್ಬಿಣದ ಉಪ್ಪು ಸೇರಿಸಿ ಮಾಡುತ್ತಿದ್ದ ಶಾಯಿ ಅದು. ಅದರಲ್ಲಿರುವ ಆಮ್ಲ ನಿಧಾನವಾಗಿ ಕಾಗದವನ್ನು ಸುಡುತ್ತದೆ. ಎಷ್ಟೋ ಸಲ ಅಕ್ಷರ ಇದ್ದ ಕಡೆ ತೂತೇ ಬಿದ್ದಿರುತ್ತದೆ. ಅಂಥ ಪತ್ರಕ್ಕೆ ನೀರು ತಾಗಿಸಲೇಬಾರದು. ಇನ್ನು 19ನೇ ಶತಮಾನದ ಮಧ್ಯಭಾಗದ ನಂತರ ಮರದ ತಿರುಳಿನಿಂದ ಕಾಗದ ಮಾಡುವುದು ಹೆಚ್ಚಾಯಿತು. ಅದರಲ್ಲಿರುವ ಲಿಗ್ನಿನ್ ಎಂಬ ಅಂಶಕ್ಕೆ ಬೆಳಕು, ಗಾಳಿ ತಾಗಿದರೆ ಹಳದಿಯಾಗುತ್ತದೆ. ಆ ಕಾಗದದಲ್ಲಿ ಆಮ್ಲವೂ ಇರುತ್ತದೆ, ಪೇಪರ್ ಕಟಿಂಗ್‌ಗಳು ಬೇಗ ಪುಡಿಯಾಗುವುದು ಅದರಿಂದಲೇ. ಅವುಗಳನ್ನು ಪತ್ರದ ಜೊತೆ ಒಟ್ಟಿಗೆ ಇಡಬೇಡಿ, ಆಮ್ಲ ಪಕ್ಕದ ಹಾಳೆಗೂ ಹತ್ತುತ್ತದೆ. ಆಸಿಡ್ ಇಲ್ಲದ ಕಾಗದದ ಲಕೋಟೆ ಸಿಗುತ್ತದೆ, ಅದನ್ನೇ ಬಳಸಿ.

ಫೋಟೋದ ಹಿಂದೆ ಹೆಸರು ಬರೆಯುವುದು ಒಳ್ಳೆಯ ಅಭ್ಯಾಸ. ಆದರೆ ಬಾಲ್ ಪೆನ್ ಬೇಡ, ಅದರ ಒತ್ತು ಮುಂಭಾಗಕ್ಕೆ ಮೂಡುತ್ತದೆ. ಮೆತ್ತಗಿನ ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಹಗುರಾಗಿ ಬರೆಯಿರಿ. ಪ್ಲಾಸ್ಟಿಕ್ ಹಾಳೆಯ ಕೆಳಗೆ ಅಂಟು ಗೆರೆ ಇರುವ ಆಲ್ಬಮ್ ನಿಮ್ಮಲ್ಲಿದ್ದರೆ ಫೋಟೋಗಳನ್ನು ಅದರಿಂದ ಹೊರಗೆ ತೆಗೆಯಿರಿ. ಬಿಗಿಯಾಗಿ ಅಂಟಿದ್ದರೆ ಎಳೆಯಬೇಡಿ. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರವನ್ನು ಫೋಟೋದ ಕೆಳಗೆ ತೂರಿಸಿ, ಗರಗಸದ ಹಾಗೆ ನಿಧಾನವಾಗಿ ಆಡಿಸಿದರೆ ಬಿಟ್ಟುಕೊಳ್ಳುತ್ತದೆ. ನಮ್ಮ ಮನೆಯ ಆಲ್ಬಮ್ಮಿನ ಒಂದು ಹಾಳೆಗೆ ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಆ ಮಧ್ಯಾಹ್ನ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ, ಅಷ್ಟು ಚೆನ್ನಾಗಿತ್ತು.

ಕಪ್ಪುಬಿಳುಪು ಫೋಟೋಗಳು ಗಟ್ಟಿ. ಬಣ್ಣದ ಫೋಟೋ ಕತ್ತಲಲ್ಲಿ ಇಟ್ಟರೂ ನಿಧಾನಕ್ಕೆ ಬಣ್ಣ ಬಿಡುತ್ತದೆ. ಅದಕ್ಕೇ ಸ್ಕ್ಯಾನ್ ಮಾಡುವಾಗ ಬಣ್ಣದವನ್ನು ಮೊದಲು ಮಾಡಿ. ಫೋಟೋಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಅಳತೆ) ಇರಲಿ, ಪತ್ರಕ್ಕೆ 300 ಸಾಕು. ಮೂರು ಕಾಪಿ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಲೋಹ, ಗಡಿಯಾರ, ಪೆನ್ನು, ಪ್ಲೇಟು

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಉಣ್ಣೆ ಮತ್ತು ರಬ್ಬರಿನಲ್ಲೂ ಗಂಧಕ ಇರುತ್ತದೆ, ಹಾಗಾಗಿ ಬೆಳ್ಳಿಯನ್ನು ಅವುಗಳಲ್ಲಿ ಸುತ್ತಬಾರದು. ಪಾಲಿಶ್ ಹಾಕಿದಷ್ಟೂ ಸಲ ಒಂದು ಪದರ ಸವೆಯುತ್ತದೆ. ಬೆಳ್ಳಿ ನೀರು ಕೊಟ್ಟ ವಸ್ತುವಾದರೆ ಒಳಗಿನ ಲೋಹವೇ ಹೊರಗೆ ಬರುತ್ತದೆ. ನಾಣ್ಯಕ್ಕಂತೂ ಪಾಲಿಶ್ ಹಾಕಲೇಬೇಡಿ. ಅದರ ಮೇಲಿನ ಹಳೇ ಬಣ್ಣ ಹೋದರೆ ಸಂಗ್ರಹಕಾರರು ಕಣ್ಣೆತ್ತಿಯೂ ನೋಡುವುದಿಲ್ಲ. ತಾಮ್ರ, ಕಂಚಿನ ಮೇಲೆ ಗಟ್ಟಿಯಾಗಿ ಕೂತ ಹಸಿರು ಕಿಲುಬಿನಿಂದ ಅಪಾಯ ಕಡಿಮೆ. ಮುಟ್ಟಿದರೆ ಉದುರುವ ತೆಳು ಹಸಿರು ಪುಡಿ ಕಂಡರೆ ಮಾತ್ರ ಅದನ್ನು ಬೇರೆ ಇಡಿ, ತೇವ ತಾಗದ ಹಾಗೆ ನೋಡಿಕೊಳ್ಳಿ. ತಡಮಾಡದೆ ತಿಳಿದವರಿಗೆ ತೋರಿಸಿ.

ಕೀ ಕೊಡುವ ಗಡಿಯಾರ ಎಷ್ಟೋ ವರ್ಷ ಸುಮ್ಮನೆ ಬಿದ್ದಿದ್ದರೆ, ಓಡುತ್ತದಾ ನೋಡೋಣ ಅಂತ ಕೀ ತಿರುಗಿಸಬೇಡಿ. ಒಳಗಿನ ಎಣ್ಣೆ ಒಣಗಿ ಗಟ್ಟಿಯಾಗಿರುತ್ತದೆ, ಬಿಡಿಭಾಗಗಳು ಸವೆಯುತ್ತವೆ. ಮೊದಲು ಗಡಿಯಾರದವರ ಹತ್ತಿರ ಬಿಚ್ಚಿಸಿ ತೊಳೆಸಿ. ಇನ್ನೊಂದು ಮುಖ್ಯ ಮಾತು. ಕತ್ತಲಲ್ಲಿ ಹೊಳೆಯುವ ಅಂಕಿಗಳಿಗೆ 20ನೇ ಶತಮಾನದ ಆರಂಭದಿಂದ 1960ರ ದಶಕದವರೆಗೂ ರೇಡಿಯಂ ಎಂಬ ವಿಕಿರಣ ಸೂಸುವ ಲೋಹ ಸೇರಿಸಿದ ಬಣ್ಣ ಬಳಸುತ್ತಿದ್ದರು. ಹೊಳಪು ಸತ್ತಿರುತ್ತದೆ, ಆದರೆ ವಿಕಿರಣ ಸತ್ತಿರುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಥ ಗಡಿಯಾರವನ್ನು ಮನೆಯಲ್ಲಿ ಬಿಚ್ಚಬೇಡಿ. ಗಾಜು ಒಡೆದಿದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಮುಚ್ಚಿಡಿ.

ಅಪ್ಪನ ಶಾಯಿ ಪೆನ್ನಿನ ಕ್ಯಾಪಿನ ತುದಿಯಲ್ಲಿ ಹಲ್ಲಿನ ಗುರುತುಗಳಿವೆ. ಯೋಚನೆ ಮಾಡುವಾಗ ಕಚ್ಚುತ್ತಿದ್ದರು. ಎರಡು ಮೇಲೆ, ಒಂದು ಕೆಳಗೆ. ಇಂಥದ್ದನ್ನು ಯಾವ ಕಾರಣಕ್ಕೂ ಪಾಲಿಶ್ ಮಾಡಿಸಬೇಡಿ. ಒಣಗಿದ ಶಾಯಿ ಬಿಡಿಸಲು ನಿಬ್ಬಿನ ಭಾಗವನ್ನು ಮಾತ್ರ ತಣ್ಣೀರಿನಲ್ಲಿ ನೆನೆಸಿ, ಆಗಾಗ ನೀರು ಬದಲಿಸಿ. ಬಿಸಿನೀರು ಬೇಡ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕಪ್ಪು ಪೆನ್ನುಗಳು ಬಿಸಿನೀರಿಗೆ, ಬಿಸಿಲಿಗೆ ಮಾಸಿ ಕಂದಾಗುತ್ತವೆ.

ಗ್ರಾಮಫೋನ್ ಪ್ಲೇಟುಗಳ ವಿಷಯದಲ್ಲಿ ಒಂದೇ ಎಚ್ಚರ. 1948ರಲ್ಲಿ ಬಂದ ಎಲ್‌ಪಿಗಳು, ಅಂದರೆ ಹೆಚ್ಚು ಹೊತ್ತು ಹಾಡುವ ಪ್ಲೇಟುಗಳು, ವಿನೈಲ್ ಎಂಬ ಪ್ಲಾಸ್ಟಿಕ್ಕಿನವು. ಅದಕ್ಕೂ ಮುಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳು ಹೆಚ್ಚಾಗಿ ಅರಗಿನವು. ಸ್ಪಿರಿಟ್ಟಿನಲ್ಲಿ ಒರೆಸಿದರೆ ಅರಗು ಕರಗಿ ಹಾಡೇ ಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ನೆಟ್ಟಗೆ ನಿಲ್ಲಿಸಿಡಿ.

ಬಟ್ಟೆಗಳ ಬಗ್ಗೆ ಎರಡೇ ಮಾತು. ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಹುಳ ಕಂಡರೆ ಗಾಳಿಯಾಡದ ಕವರಿನಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಚಳಿ ಬಿಡುವವರೆಗೆ ಕವರ್ ಬಿಚ್ಚಬೇಡಿ.

ಇವನ್ನೆಲ್ಲ ಎಲ್ಲಿಡುವುದು? ಅಟ್ಟ ಬೇಡ, ನೆಲವೂ ಬೇಡ, ಹೊರಗೋಡೆಗೆ ಒತ್ತಿದ ಕಪಾಟೂ ಬೇಡ. ನೀವು ದಿನಾ ಓಡಾಡುವ ಕೋಣೆಯ ಒಳಗೋಡೆ ಪಕ್ಕ ಒಳ್ಳೆಯದು. ತೇವಾಂಶ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಶೇ. 35ರಿಂದ 50ರೊಳಗೆ ಇದ್ದರೆ ನೆಮ್ಮದಿ. ಜಾಸ್ತಿಯಾದರೆ ಬೂಷ್ಟು ಹಿಡಿಯುತ್ತದೆ, ತೀರಾ ಕಡಿಮೆಯಾದರೆ ಮರ ಬಿರುಕು ಬಿಡುತ್ತದೆ.

ಹೊರಗಿನಿಂದ ತರುವಾಗ

ಮನೆಯ ವಸ್ತುಗಳ ರುಚಿ ಹತ್ತಿದ ಮೇಲೆ ಹಳೇ ಸಾಮಾನಿನ ಅಂಗಡಿ ಕಂಡರೆ ಕಾಲು ತಾನೇ ನಿಲ್ಲುತ್ತದೆ. ಅಲ್ಲಿ ನಾನು ಮೊದಲು ನೋಡುವುದು ಸವೆತ. ನಿಜವಾಗಿ ಬಳಸಿದ ವಸ್ತು ಕೈ ಹಿಡಿಯುವ ಕಡೆ, ಕಾಲು ತಾಗುವ ಕಡೆ ಸವೆದಿರುತ್ತದೆ, ಉಳಿದ ಕಡೆ ಹಾಗೇ ಇರುತ್ತದೆ. ಎಲ್ಲಾ ಕಡೆ ಒಂದೇ ಸಮ ಸವೆದಿದ್ದರೆ ಯಾರೋ ಬೇಕಂತಲೇ ಹಳತು ಮಾಡಿದ್ದಾರೆ ಅಂತ ಅನುಮಾನಿಸಿ. ಸ್ಕ್ರೂ ನೋಡಿ. ತಲೆಯ ಮೇಲೆ + ಆಕಾರದ ಗುರುತಿರುವ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ನೂರಿಪ್ಪತ್ತು ವರ್ಷದ ಪೆಟ್ಟಿಗೆ ಅಂತ ಹೇಳಿ ಅದರಲ್ಲಿ ಈ ಸ್ಕ್ರೂ ಇದ್ದರೆ, ಒಂದೋ ಆಮೇಲೆ ರಿಪೇರಿ ಆಗಿದೆ, ಇಲ್ಲಾ ಮಾತು ಸುಳ್ಳು. ಗಟ್ಟಿ ಹಿತ್ತಾಳೆ ಅಂತ ಅಂಗಡಿಯವರು ಹೇಳಿದರೆ ಜೇಬಿನಿಂದ ಆಯಸ್ಕಾಂತ ತೆಗೆಯಿರಿ. ಅಂಟಿಕೊಂಡರೆ ಒಳಗೆ ಕಬ್ಬಿಣ.

ಎಲ್ಲವನ್ನೂ ತರಬೇಡಿ. ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬುವಷ್ಟು ಪ್ರೀತಿ ಇದ್ದರೆ ಮಾತ್ರ ತನ್ನಿ. ನಾನು ಹಾಗೆ ಬಿಟ್ಟುಬಂದ ವಸ್ತುಗಳು ತಂದವಕ್ಕಿಂತ ಜಾಸ್ತಿ.

ಒಡಹುಟ್ಟಿದವರ ನಡುವೆ ಹಂಚಿಕೆ ಬಂದಾಗ ಬೆಲೆಯ ಮಾತು ಎತ್ತಬೇಡಿ. ಯಾರಿಗೆ ಯಾವುದರ ಕಥೆ ಗೊತ್ತು ಅಂತ ಕೇಳಿ. ನಮ್ಮಲ್ಲಿ ಗೋಡೆ ಗಡಿಯಾರ ತಮ್ಮನ ಮನೆಗೆ ಹೋಯಿತು, ಏಕೆಂದರೆ ಅದಕ್ಕೆ ಕೀ ಕೊಡಲು ಅಪ್ಪ ಎತ್ತಿ ಹಿಡಿಯುತ್ತಿದ್ದದ್ದು ಅವನನ್ನೇ. ಅದರ ಪುಟ ನನ್ನ ನೋಟ್‌ಬುಕ್ಕಿನಲ್ಲಿದೆ, ಅಕ್ಷರ ಅವನದು.

ಕಥೆ ಸಿಗದ ವಸ್ತುಗಳೂ ಇರುತ್ತವೆ. ಅವುಗಳಿಗೂ ಪುಟ ಕೊಡಿ, ಖಾಲಿ ಬಿಡಿ. ನನ್ನ 17ನೇ ನಂಬರು ಒಂದು ಕಬ್ಬಿಣದ ಬೀಗದ ಕೈ. ನಾಲ್ಕು ಬೆರಳು ಉದ್ದ, ಬುಡದಲ್ಲಿ ಕೆಂಪು ನೂಲು ಕಟ್ಟಿದೆ. ಮನೆಯ ಯಾವ ಬೀಗಕ್ಕೂ ಕೂರುವುದಿಲ್ಲ. ಕೇಳಿದವರೆಲ್ಲ ತಲೆ ಅಲ್ಲಾಡಿಸಿದ್ದಾರೆ. ಮುಂದಿನ ವಾರ ಅಪ್ಪನ ಚಿಕ್ಕಮ್ಮ ಬರುತ್ತಿದ್ದಾರೆ, ಅವರಿಗೆ 91 ವರ್ಷ. ಆ ಬೀಗದ ಕೈಯನ್ನು ಈಗಲೇ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ನೂಲು ಬಿಚ್ಚಿಲ್ಲ.