ಕ್ಯಾಮೆರಾ ಇಲ್ಲದ ಪ್ರೌಢಶಾಲೆಯಲ್ಲಿ ಛಾಯಾಗ್ರಹಣ: ನನ್ನ ಅನುಭವ

ಚಿತ್ರಕಲೆಯ ಪೀರಿಯಡ್‌ನಲ್ಲಿ ಛಾಯಾಗ್ರಹಣವನ್ನು ಕಲೆಯಾಗಿಯೇ ಕಲಿಸುತ್ತೇನೆ ಎಂದಾಗ ಕೆಜಿಎಫ್ ಸುತ್ತಲಿನ ಸಹ ಶಿಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: ಮಕ್ಕಳ ಕೈಗೆ ಮೊಬೈಲ್ ಕೊಡುವಂತಿಲ್ಲ, ಶಾಲೆಯಲ್ಲಿ ಕ್ಯಾಮೆರಾ ಇಲ್ಲ, ಇನ್ನು ಕಲಿಸುವುದಾದರೂ ಏನನ್ನು? ಮೂರು ವರ್ಷ ಕಳೆದಿದೆ. ಒಂಬತ್ತನೆಯ ತರಗತಿಯ ಮಕ್ಕಳು ಬಿಸಿಲಿನಲ್ಲಿ ಮುದ್ರಿಸಿದ ಸುಮಾರು 120 ಸಯನೋಟೈಪ್ ಚಿತ್ರಗಳು (ರಾಸಾಯನಿಕ ಸವರಿದ ಕಾಗದದ ಮೇಲೆ ಬಿಸಿಲು ಬಿದ್ದಲ್ಲಿ ನೀಲಿ ಮೂಡುವ ಚಿತ್ರಗಳು) ಈಗ ನಮ್ಮ ಶಾಲೆಯ ಪಡಸಾಲೆಯಲ್ಲಿವೆ. ಅಷ್ಟು ಸಮೃದ್ಧವಾದ ನೀಲಿಯನ್ನು ನಮ್ಮ ತಾಲ್ಲೂಕಿನ ಬೇರಾವ ಶಾಲೆಯಲ್ಲಿಯೂ ನಾನು ಕಂಡಿಲ್ಲ.

ಮೊದಲ ಅಡ್ಡಿ ಬಂದದ್ದು ಹೆಸರಿನಿಂದ. ಇದಕ್ಕೆ ಬಳಸುವ ರಾಸಾಯನಿಕದ ಬಾಟಲಿಯ ಮೇಲಿದ್ದ 'ಪೊಟ್ಯಾಸಿಯಂ ಫೆರಿಸಯನೈಡ್' ಎಂಬುದನ್ನು ಓದಿದ ಪೋಷಕರೊಬ್ಬರು, "ಮೇಷ್ಟ್ರೇ, ಮಕ್ಕಳ ಕೈಗೆ ಸಯನೈಡ್ ಕೊಡ್ತೀರಾ?" ಎಂದು ಶಾಲೆಗೇ ಬಂದರು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸಯನೈಡ್ ದಿಬ್ಬಗಳನ್ನು ದಿನವೂ ನೋಡುವ ಊರಿನಲ್ಲಿ ಆ ಭಯ ಸಹಜವಾದುದು. ಫೆರಿಸಯನೈಡ್‌ನಲ್ಲಿ ಸಯನೈಡ್ ಅಂಶವು ಕಬ್ಬಿಣದೊಡನೆ ಬಿಗಿಯಾಗಿ ಬೆಸೆದಿರುತ್ತದೆಂದೂ, ಪ್ರಬಲ ಆಮ್ಲವನ್ನಾಗಲಿ ಬೆಂಕಿಯನ್ನಾಗಲಿ ಅದರ ಹತ್ತಿರ ತರುವುದಿಲ್ಲವೆಂದೂ, ದ್ರಾವಣವನ್ನು ಕೈಗವಸು ಹಾಕಿಕೊಂಡು ನಾನೇ ಬೆರೆಸುತ್ತೇನೆಂದೂ ಎಷ್ಟು ವಿವರಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ನೆರವಾದವರು ಗಣಿಯಲ್ಲಿ ದುಡಿದಿದ್ದ, ವಿದ್ಯಾರ್ಥಿನಿಯೊಬ್ಬಳ ತಾತ. ನಮ್ಮ ನೀಲಿ ಹಾಳೆಯನ್ನು ನೋಡಿದೊಡನೆ ಅವರು, "ಇದು ನಮ್ಮ ಕಾಲದ ಬ್ಲೂಪ್ರಿಂಟ್ ಅಲ್ಲವೇ?" ಎಂದರು. ಹೌದು, ಹಳೆಯ ಬ್ಲೂಪ್ರಿಂಟ್ ನಕ್ಷೆಗಳು ಇದೇ ವಿಧಾನದವು. ಆ ದಿನದಿಂದ ಯಾರೂ ತಡೆಯಲಿಲ್ಲ.

ನಿಜವಾದ ಸೋಲು ಬಂದದ್ದು ನೀರಿನಿಂದ. ಮೊದಲ ಸಲ ನಲವತ್ತು ಹಾಳೆಗಳನ್ನು ಬಿಸಿಲಿಗಿಟ್ಟು ಶಾಲೆಯ ಬೋರ್‌ವೆಲ್ ನೀರಿನಲ್ಲಿ ತೊಳೆದಾಗ, ಗಾಢವಾಗಿ ಕಾಣುತ್ತಿದ್ದ ನೀಲಿ ಮಕ್ಕಳ ಕಣ್ಣೆದುರಿಗೇ ಮಾಸಿಹೋಯಿತು. ರಾಸಾಯನಿಕವೇ ಹಳೆಯದೆಂದು ಭಾವಿಸಿ ಬೆಂಗಳೂರಿನಿಂದ ಮತ್ತೆ ತರಿಸಿದೆ. ಸುಮಾರು 1,400 ರೂಪಾಯಿ ವ್ಯರ್ಥವಾಯಿತು. ಕಾಗದವನ್ನು ಬದಲಿಸಿದೆ, ಬಿಸಿಲಿನ ಅವಧಿಯನ್ನು ದುಪ್ಪಟ್ಟು ಮಾಡಿದೆ, ಫಲವಿಲ್ಲ. ಜುಲೈನಲ್ಲಿ ಒಂದು ದಿನ ತಾರಸಿಯಿಂದ ಸುರಿದ ಮಳೆನೀರನ್ನು ಬಕೆಟ್ಟಿನಲ್ಲಿ ಹಿಡಿದು ಒಂದು ಹಾಳೆಯನ್ನು ತೊಳೆದಾಗ ನೀಲಿ ಹಾಗೆಯೇ ನಿಂತಿತು. ಕ್ಷಾರಗುಣದ ನೀರು ಈ ನೀಲಿಯನ್ನು ಕೆಡಿಸುತ್ತದೆ, ನಮ್ಮ ಬೋರ್‌ವೆಲ್ ನೀರಿನ ಗುಣ ಅದೇ. ಅಂದಿನಿಂದ ಮೊದಲ ತೊಳೆತಕ್ಕೆ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ತಂದು, ಬಕೆಟ್ಟಿಗೆ ಎರಡು ಚಮಚ ವಿನೆಗರ್ ಹಾಕುತ್ತೇನೆ. ನಮ್ಮ ಕಡೆ ಧಾರಾಳವಾಗಿ ಸಿಗುವ ಹುಣಸೆಯ ನೀರನ್ನೂ ಪರೀಕ್ಷಿಸಿದೆ; ನೀಲಿ ಉಳಿಯಿತು, ಆದರೆ ಬಿಳಿಯ ಭಾಗವೆಲ್ಲ ಕಂದಿತು.

ದ್ರಾವಣದ ಅಳತೆ ಈ ವಿಧಾನ ಬಲ್ಲವರಿಗೆ ತಿಳಿದದ್ದೇ: ನೂರು ಮಿಲಿಲೀಟರ್ ನೀರಿಗೆ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಇನ್ನೊಂದು ನೂರಕ್ಕೆ ಫೆರಿಸಯನೈಡ್ 10 ಗ್ರಾಂ, ಬಳಸುವಾಗ ಸಮಪಾಲು. ಕಾಗದಕ್ಕೆ ದ್ರಾವಣ ಸವರುವ ಮುನ್ನ ನಾನು ಮಾಡುವ ಒಂದು ಪೂರ್ವಸಿದ್ಧತೆಯಿದೆ. ಅದನ್ನು ಸದ್ಯಕ್ಕೆ ನನ್ನ ಮಕ್ಕಳಿಗಷ್ಟೇ ಹೇಳಿಕೊಟ್ಟಿದ್ದೇನೆ. ಮಾರ್ಚ್‌ನ ಹನ್ನೊಂದು ಗಂಟೆಯ ಬಿಸಿಲಿಗೆ ಎಂಟು ನಿಮಿಷ ಸಾಕು. ಮೋಡವಿದ್ದರೆ ಅರ್ಧ ಗಂಟೆ ದಾಟುತ್ತದೆ, ಆಗ ಪೀರಿಯಡ್ಡೇ ಮುಗಿದಿರುತ್ತದೆ.

ಕಲೆಯ ಪಾಠ ನಡೆಯುವುದು ಇದಕ್ಕೂ ಮೊದಲು. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ ಈ ವಿಧಾನದಿಂದ ಮರುವರ್ಷವೇ ಆನಾ ಅಟ್ಕಿನ್ಸ್ ಕಡಲಪಾಚಿಯ ಚಿತ್ರಗಳನ್ನು ಮುದ್ರಿಸತೊಡಗಿದರು. ನಮ್ಮ ಮಕ್ಕಳು ಹುಣಸೆ ಎಲೆ ಮತ್ತು ರಾಗಿ ತೆನೆಯಿಂದ ಆರಂಭಿಸುತ್ತಾರೆ. ಅನಂತರ ರಟ್ಟಿನಲ್ಲಿ ಕತ್ತರಿಸಿದ ಚೌಕಟ್ಟನ್ನು ಕಣ್ಣಿಗೆ ಹಿಡಿದು, ಒಂದೇ ಗೋಡೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ನೆರಳನ್ನು ಬರೆದುಕೊಳ್ಳುತ್ತಾರೆ. ನನ್ನ ಮೊಬೈಲಿನಿಂದ ಪ್ರತಿ ಮಗುವಿಗೆ ಮೂರೇ ಚಿತ್ರ, ಅವುಗಳಲ್ಲಿ ಒಂದಕ್ಕೆ ಮಾತ್ರ ಮುದ್ರಣ. ಈ ಕಟ್ಟುನಿಟ್ಟನ್ನು ನಾನು ಸಡಿಲಿಸುವುದಿಲ್ಲ, ಏಕೆಂದರೆ ಆಯ್ಕೆ ಮಾಡಲು ಕಲಿಯುವ ಅರ್ಧ ಗಂಟೆಯೇ ಈ ವಿಷಯದ ತಿರುಳು. ಆವನಿಯ ದೇವಾಲಯಗಳಿಗೆ ಕರೆದೊಯ್ದಾಗ ಹುಡುಗನೊಬ್ಬ ಗೋಪುರವನ್ನು ಬಿಟ್ಟು, ಕಂಬಗಳ ನಡುವೆ ನೆಲಕ್ಕೆ ಬಿದ್ದಿದ್ದ ಬೆಳಕಿನ ಪಟ್ಟಿಯನ್ನಷ್ಟೇ ತೆಗೆಸಿಕೊಂಡ. ನಮ್ಮ ಸಂಗ್ರಹದಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರವಿಲ್ಲ.

ಮೊಬೈಲಿನ ಚಿತ್ರವನ್ನು ಬಿಸಿಲಿನಲ್ಲಿ ಮುದ್ರಿಸಲು ಅದರ ನೆಗೆಟಿವ್ (ಕಪ್ಪು-ಬಿಳುಪು ತಿರುವುಮುರುವಾದ ಪ್ರತಿ) ಬೇಕು. ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಶೀಟಿನ ಮೇಲೆ ಮುದ್ರಿಸಿದರೆ ಕಪ್ಪು ತೆಳುವಾಗಿರುತ್ತದೆ. ಎರಡು ಪ್ರತಿ ತೆಗೆಸಿ ಒಂದರ ಮೇಲೊಂದು ಅಂಟಿಸಬೇಕು. ಎಲ್ಲ ಸೇರಿ ಒಂದು ಚಿತ್ರಕ್ಕೆ ಐವತ್ತೈದು ಅರವತ್ತು ರೂಪಾಯಿ ತಗಲುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಈ ಶೀಟು ಮತ್ತು ದಪ್ಪ ಜಲವರ್ಣ ಕಾಗದದ್ದು. ಮೊದಲ ವರ್ಷ ಪೂರ್ತಿ ನನ್ನ ಸಂಬಳದಿಂದಲೇ ಕೊಟ್ಟೆ. ಈಗ ಹಳೆಯ ವಿದ್ಯಾರ್ಥಿಗಳು ಕಾಗದ ಕೊಡಿಸುತ್ತಾರೆ.

ಸದ್ಯ ನೀಲಿಯನ್ನು ವಾಷಿಂಗ್ ಸೋಡಾದಲ್ಲಿ ಹಳದಿಗಿಳಿಸಿ, ಗಟ್ಟಿ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಕಂದುಗಪ್ಪು ಬಣ್ಣ ಪಡೆಯುತ್ತಿದ್ದೇವೆ. ಚಹಾದ ಬದಲಿಗೆ ಮಾವಿನ ತೊಗಟೆಯ ಕಷಾಯವನ್ನು ಶ್ರೀನಿವಾಸಪುರದ ಹುಡುಗಿಯೊಬ್ಬಳು ಸೂಚಿಸಿದಳು. ಐದು ಹಾಳೆಗಳಲ್ಲಿ ಎರಡು ಬಹಳ ಚೆನ್ನಾಗಿ ಬಂದಿವೆ, ಉಳಿದ ಮೂರರಲ್ಲಿ ಕಲೆಗಳು ಎದ್ದಿವೆ. ಮಾವಿನ ಕೊಯ್ಲು ಮುಗಿದ ಮೇಲೆ ಹೊಸ ತೊಗಟೆ ತಂದು ಮತ್ತೆ ಕುದಿಸಲಿದ್ದೇವೆ.