ಕುಂಡದಲ್ಲಿ ಚೆಂಡು ಹೂ ಬೆಳೆಸೋದು, ತಿಂಗಳುಗಟ್ಲೆ ಹೂ ಬಿಡೋ ಹಾಗೆ ನೋಡ್ಕೊಳ್ಳೋದು

ಮೊದಲನೇ ಸಲ ಗಿಡ ಹಾಕ್ತಿರೋರು ಯಾವ್ದು ಹಾಕ್ಲಿ ಅಂತ ಕೇಳಿದ್ರೆ ನಾನು ಹೇಳೋದು ಚೆಂಡು ಹೂವನ್ನೇ. ಬೀಜ ದೊಡ್ದು, ಕೈಲಿ ಹಿಡಿಯೋಕೆ ಸುಲಭ, ವಾರದೊಳಗೆ ಮೊಳಕೆ ಬರತ್ತೆ, ಎರಡು ಎರಡೂವರೆ ತಿಂಗಳಲ್ಲಿ ಹೂ ನೋಡ್ಬಹುದು. ಆದ್ರೆ ಒಂದು ವಿಷ್ಯ ಮೊದ್ಲೇ ತಲೇಲಿಟ್ಕೊಳ್ಳಿ, ಇದು ಒಂದೇ ಸೀಸನ್ ಬದುಕೋ ಗಿಡ. ಹುಟ್ಟೋದು, ಹೂ ಬಿಡೋದು, ಬೀಜ ಕಟ್ಟೋದು, ಒಣಗೋದು ಅಷ್ಟೇ. ಬೀಜ ಬಲಿತು ಅಂದ್ರೆ ಗಿಡದ ಲೆಕ್ಕದಲ್ಲಿ ಕೆಲ್ಸ ಮುಗೀತು, ಹೂ ಕಮ್ಮಿ ಆಗ್ತಾ ಬರತ್ತೆ. ಅದಕ್ಕೇ ಬೀಜ ಕಟ್ಟೋಕೆ ಬಿಡದೆ ಇದ್ದಷ್ಟೂ ದಿನ ಅದು ಇನ್ನೊಂದು ಮೊಗ್ಗು, ಮತ್ತೊಂದು ಮೊಗ್ಗು ಅಂತ ಬಿಡ್ತಾನೇ ಇರತ್ತೆ. ಈ ಗಿಡದ ಆರೈಕೆಯ ಮುಕ್ಕಾಲು ಭಾಗ ಇಷ್ಟೇ.

ತಳಿಯಲ್ಲಿ ಮುಖ್ಯವಾಗಿ ಎರಡು ಥರ ಸಿಗತ್ತೆ. ಫ್ರೆಂಚ್ ಮಾರಿಗೋಲ್ಡ್ ಅನ್ನೋದು ಗಿಡ್ಡ, ಒಂದಡಿ ಒಳಗೇ ಇರತ್ತೆ, ಹೂ ಚಿಕ್ದು ಆದ್ರೆ ತುಂಬಾ ಬಿಡತ್ತೆ. ಆಫ್ರಿಕನ್ ಮಾರಿಗೋಲ್ಡ್ ಅನ್ನೋದು ಎತ್ತರ, ಎರಡು ಮೂರಡಿ ಹೋಗತ್ತೆ, ದಪ್ಪ ದಪ್ಪ ಹೂ. ಹೆಸ್ರು ಹೀಗಿದ್ರೂ ಎರಡರ ಮೂಲಾನೂ ಮೆಕ್ಸಿಕೋ ಕಡೇದು. ಬಾಲ್ಕನಿ ಕುಂಡಕ್ಕೆ ನನ್ನ ಓಟು ಗಿಡ್ಡ ತಳಿಗೇ, ಎತ್ತರದ್ದು ಗಾಳಿಗೆ ಬಾಗತ್ತೆ, ಕೋಲು ಕಟ್ಬೇಕಾಗತ್ತೆ.

ಗಿಡ್ಡ ತಳಿಗೆ 6ರಿಂದ 8 ಇಂಚಿನ ಪಾಟ್ ಸಾಕು, ಎತ್ತರದ್ದಕ್ಕೆ 10–12 ಇಂಚು ಬೇಕು. ಮಣ್ಣಿನದೋ ಪ್ಲಾಸ್ಟಿಕ್ಕೋ ಯಾವ್ದಾದ್ರೂ ಆಗತ್ತೆ, ಅಡೀಲಿ ತೂತು ಇರ್ಲೇಬೇಕು, ತೂತಿಲ್ಲದ ಪಾಟಲ್ಲಿ ಹಾಕಿದ್ರೆ ಬೇರು ಕೊಳೆತು ಸಾಯತ್ತೆ. ಅರ್ಧ ತೋಟದ ಮಣ್ಣು, ಉಳಿದರ್ಧದಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತೆ ಚೆನ್ನಾಗಿ ಕೊಳೆತ ಗೊಬ್ಬರ ಸಮ ಸಮ. ಮಣ್ಣು ಅಂಟಂಟು ಅನ್ಸಿದ್ರೆ ಒಂದೆರಡು ಹಿಡಿ ಮರಳು ಸೇರ್ಸಿ.

ಬೀಜ ಕಪ್ಪಗೆ ಕಡ್ಡಿ ಥರ ಇರತ್ತೆ, ಒಂದು ತುದೀಲಿ ಬಿಳಿ ಕುಚ್ಚು. ಅರ್ಧ ಸೆಂಟಿಮೀಟರ್ ಆಳಕ್ಕೆ ಅಡ್ಡಡ್ಡ ಮಲಗ್ಸಿ ತೆಳ್ಳಗೆ ಮಣ್ಣು ಮುಚ್ಚಿ ಸಾಕು, ಆಳಕ್ಕೆ ಹೂಳ್ಬೇಡಿ. ನೀರನ್ನ ಚಿಮುಕಿಸ್ಬೇಕು, ಮಗ್‌ನಲ್ಲಿ ಸುರಿದ್ರೆ ಬೀಜ ಎಲ್ಲಾ ಒಂದು ಮೂಲೆಗೆ ಹೋಗಿ ಸೇರ್ಕೊಳತ್ತೆ. ಮೊಳಕೆ ಕಂಡ ತಕ್ಷಣ ಬೆಳಕಿರೋ ಕಡೆ ಇಡಿ, ನೆರಳಲ್ಲೇ ಬಿಟ್ರೆ ಸಸಿ ಸಣ್ಣಗೆ ಉದ್ದಕ್ಕೆ ಬೆಳೆದು ಮಗುಚಿ ಬೀಳತ್ತೆ. ಮೊಳಕೆ ಜೊತೆ ಬರೋ ಮೊದಲ ಎರಡು ಎಲೆ ಬಿಟ್ಟು ನಾಲ್ಕು ನಿಜವಾದ ಎಲೆ ಬಂದ್ಮೇಲೆ ಚಿಕ್ಕ ಪಾಟಲ್ಲಿ ಗಟ್ಟಿಯಾದ ಒಂದು ಸಸಿ ಮಾತ್ರ ಉಳಿಸ್ಕೊಳ್ಳಿ, ಉಳಿದವನ್ನ ಬೇರೆ ಕುಂಡಕ್ಕೆ ಹಾಕಿ. ಕೀಳೋಕೆ ಮನಸ್ಸು ಬರಲ್ಲ ಗೊತ್ತು, ಆದ್ರೂ ಮಾಡಿ, ಒತ್ತೊತ್ತಾಗಿ ಬಿಟ್ರೆ ಯಾವ ಗಿಡಾನೂ ಮೈ ಬಿಡಲ್ಲ.

ಬಿಸಿಲು ದಿನಕ್ಕೆ ಕಮ್ಮಿ ಅಂದ್ರೂ ಆರು ಗಂಟೆ ನೇರವಾಗಿ ಬೀಳ್ಬೇಕು. ಇದ್ರಲ್ಲಿ ರಾಜಿ ಇಲ್ಲ. ನೆರಳಿನ ಜಾಗ ಆದ್ರೆ ಬೇರೆ ಗಿಡ ಹಾಕಿ, ಯಾಕಂದ್ರೆ ಏನೇ ಗೊಬ್ಬರ ಕೊಟ್ರೂ ಬರೀ ಎಲೆ ಬರತ್ತೆ ಅಷ್ಟೇ.

ನೀರು ಎಷ್ಟು ದಿನಕ್ಕೊಂದ್ಸಲ ಅಂತ ನಿಯಮ ಇಟ್ಕೋಬೇಡಿ, ಬೆರಳನ್ನ ಒಂದಿಂಚು ಮಣ್ಣೊಳಗೆ ತೂರ್ಸಿ ನೋಡಿ, ಒಣಗಿದ್ರೆ ಅಡಿ ತೂತಿಂದ ಹೊರಗೆ ಬರೋವರ್ಗೂ ಹಾಕಿ, ಒದ್ದೆ ಇದ್ರೆ ಆವತ್ತು ಬೇಡ. ಬೇಸಿಗೇಲಿ ಚಿಕ್ಕ ಕುಂಡಕ್ಕೆ ದಿನಾ ಬೇಕಾಗ್ಬಹುದು. ನೀರು ಬುಡಕ್ಕೇ ಹಾಕಿ, ಹೂವಿನ ಮೇಲೆ ಸುರೀಬೇಡಿ, ದಪ್ಪ ಹೂವಿನ ಎಸಳ ಮಧ್ಯ ನೀರು ನಿಂತ್ರೆ ಒಳಗಿಂದ ಕಂದಾಗಿ ಕೊಳೆಯತ್ತೆ.

ಸಸಿ ಐದಾರು ಇಂಚು ಬಂದಾಗ ತುದಿ ಕುಡಿ ಚಿವುಟಿ. ಹೊಸಬ್ರು ಇಲ್ಲೇ ಹಿಂಜರಿಯೋದು, ಅದ್ರಲ್ಲೂ ತುದೀಲಿ ಒಂದು ಮೊಗ್ಗು ಕಾಣ್ತಿದ್ರಂತೂ ಕೈಯೇ ಹೋಗಲ್ಲ. ಧೈರ್ಯವಾಗಿ ಚಿವುಟಿ, ಆ ತುದಿ ಹೋದ್ರೆ ಕೆಳಗಿನ ಗಿಣ್ಣುಗಳಿಂದ ಅಕ್ಕಪಕ್ಕ ಕವಲು ಒಡೆಯತ್ತೆ, ಒಂದೊಂದು ಕವಲಿಗೂ ಮೊಗ್ಗು ಬರತ್ತೆ. ಮೊದಲ ಹೂ ಒಂದಷ್ಟು ದಿನ ತಡ ಆಗತ್ತೆ ನಿಜ, ಆದ್ರೆ ಗಿಡ ಪೊದೆ ಥರ ತುಂಬ್ಕೊಳತ್ತೆ.

ಈಗ ಮುಖ್ಯವಾದ್ದು, ಬಾಡಿದ ಹೂ ತೆಗೆಯೋದು. ತುಂಬಾ ಜನ ಒಣಗಿದ ಎಸಳನ್ನಷ್ಟೇ ಎಳೆದು ತೆಗೀತಾರೆ, ಅದ್ರಿಂದ ಏನೂ ಉಪಯೋಗ ಇಲ್ಲ. ಎಸಳಿನ ಕೆಳಗೆ ಹಸಿರು ಬಟ್ಟಲಿನ ಥರ ಉಬ್ಬಿದೆಯಲ್ಲ, ಬೀಜ ಇರೋದು ಅದ್ರೊಳಗೆ, ಅದು ಗಿಡದ ಮೇಲೆ ಉಳೀತು ಅಂದ್ರೆ ಗಿಡ ಬೀಜ ಬಲಿಸೋ ಕೆಲ್ಸ ಮುಂದುವರಿಸ್ತಾನೇ ಇರತ್ತೆ. ಅದಕ್ಕೆ ತೊಟ್ಟಿನ ಸಮೇತ, ಕೆಳಗಿನ ಎಲೆ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ. ಎರಡು ಮೂರು ದಿನಕ್ಕೊಂದ್ಸಲ ಕುಂಡದ ಸುತ್ತ ಕಣ್ಣಾಡಿಸಿದ್ರೆ ಐದು ನಿಮಿಷದ ಕೆಲ್ಸ. ಮೊಗ್ಗಿಗೂ ಬಾಡಿದ ಹೂವಿಗೂ ಕನ್ಫ್ಯೂಸ್ ಆದ್ರೆ ಒತ್ತಿ ನೋಡಿ, ಮೊಗ್ಗು ದುಂಡಗೆ ಗಟ್ಟಿ ಇರತ್ತೆ, ಬಾಡಿದ್ದು ಮೆತ್ತಗೆ, ತುದೀಲಿ ಮುದುರಿದ ಎಸಳು ಇರತ್ತೆ.

ಗೊಬ್ಬರ ಜಾಸ್ತಿ ಬೇಡ. ಸಾರಜನಕ ಹೆಚ್ಚಾದ್ರೆ ಗಿಡ ಕಡು ಹಸಿರಾಗಿ ಸೊಂಪಾಗಿ ಬೆಳೆದು ಹೂವೇ ಬಿಡಲ್ಲ. ತಿಂಗಳಿಗೊಂದು ಹಿಡಿ ವರ್ಮಿಕಂಪೋಸ್ಟ್ ಮಣ್ಣಿಗೆ ಕೆದಕಿ ಹಾಕಿದ್ರೆ ಸಾಕು.

ಎಲೆ ವಾಸನೆಗೆ ಹುಳಾನೇ ಬರಲ್ಲ ಅಂತ ಹೇಳ್ತಾರೆ, ಅದನ್ನ ಪೂರ್ತಿ ನಂಬ್ಬೇಡಿ. ಒಣ ಸೆಕೇಲಿ ಕೆಂಪು ನುಸಿ ಬರತ್ತೆ, ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ, ಎಲೆ ಅಡೀಲಿ ನವಿರಾದ ಬಲೆ. ಕಂಡ ದಿನಾನೇ ಎಲೆ ಅಡಿ ಭಾಗಕ್ಕೆ ಜೋರಾಗಿ ನೀರು ಹೊಡೆದು ತೊಳೀರಿ, ಆಮೇಲೂ ಹೋಗದಿದ್ರೆ ಸಂಜೆ ಹೊತ್ತು ಬೇವಿನೆಣ್ಣೆ ಸ್ಪ್ರೇ ಮಾಡಿ, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡತ್ತೆ. ಎಲೆ ಮೇಲೆ ಬೂದಿ ಉದುರಿಸಿದಂಗೆ ಕಂಡ್ರೆ ಗಾಳಿ ಆಡ್ತಿಲ್ಲ ಅಂತ ಅರ್ಥ, ಆ ಎಲೆಗಳನ್ನ ತೆಗೆದು ಕುಂಡಗಳ ಮಧ್ಯ ಜಾಗ ಬಿಡಿ.

ಸೀಸನ್ ಕೊನೇಲಿ ಚೆನ್ನಾಗಿರೋ ಎರಡು ಮೂರು ಹೂ ಕೀಳ್ದೆ ಗಿಡದಲ್ಲೇ ಬಿಡಿ. ಬಟ್ಟಲು ಪೂರ್ತಿ ಕಂದಾಗಿ ಒಣಗಿದ್ಮೇಲೆ ಕಿತ್ತು, ಬಿಡಿಸಿ, ನೆರಳಲ್ಲಿ ಒಂದು ವಾರ ಒಣಗ್ಸಿ ಪೇಪರ್ ಕವರಲ್ಲಿ ಇಡಿ, ಪ್ಲಾಸ್ಟಿಕ್ಕಲ್ಲಿ ತೇವ ಉಳಿದು ಬೂಸ್ಟು ಹಿಡಿಯತ್ತೆ. ಹೈಬ್ರಿಡ್ ಗಿಡದ ಬೀಜ ಆದ್ರೆ ತಾಯಿ ಗಿಡದಂಥದ್ದೇ ಹೂ ಬರತ್ತೆ ಅಂತ ಇಲ್ಲ, ಕೆಲವು ಹೈಬ್ರಿಡ್‌ಗಳು ಬೀಜಾನೇ ಕಟ್ಟಲ್ಲ, ಹಾಗಾಗಿ ಬೀಜ ಉಳಿಸ್ಕೋಬೇಕು ಅಂತಿದ್ರೆ ಶುರೂಲೇ ನಾಟಿ ತಳಿ ಹಾಕಿ. ಕವರ್ ಮೇಲೆ ಬಣ್ಣ ಮತ್ತೆ ವರ್ಷ ಬರೆದಿಡಿ, ಎಲ್ಲಾ ಬಣ್ಣದ ಬೀಜಾನೂ ನೋಡೋಕೆ ಒಂದೇ ಥರ.