ಮಾರಿಹೋಯ್ತು ಅಂದುಕೊಂಡ ಪುಸ್ತಕಗಳು

ಮೂರು ವರ್ಷದ ಹಿಂದೆ ಒಂದು ಸಂಜೆ ನಮ್ಮ ಮನೆ ಗ್ಯಾರೇಜಿಗೆ ಒಂಬತ್ತು ರಟ್ಟಿನ ಡಬ್ಬ ಬಂದು ಬಿದ್ದವು. ಒಳಗಿದ್ದದ್ದು ನಾನೇ ಬರೆದು, ನಾನೇ ಅಚ್ಚು ಹಾಕಿಸಿದ ಪುಸ್ತಕ. 310 ಪ್ರತಿ. ಆರು ತಿಂಗಳ ಹಿಂದೆಯೇ ಅವು ಮಾರಿಹೋದವು ಅಂತ ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದಾಗಿತ್ತು.

ನಾನು ಹಾಸನದವನು. ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿದ್ದೇನೆ. ಹಗಲು ಕೆಲಸ ಬೇರೆ. ರಾತ್ರಿ ಮತ್ತು ಶನಿವಾರ ರೋಲ್ ಪ್ಲೇಯಿಂಗ್ ಆಟದ ಪುಸ್ತಕ ಬರೆಯುತ್ತೇನೆ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಮುಂದೇನಾಗುತ್ತೆ ಅನ್ನೋದನ್ನ ಅರ್ಧ ಮಾತು, ಅರ್ಧ ದಾಳ ತೀರ್ಮಾನಿಸುತ್ತವೆ. ಅದಕ್ಕೆ ಬೇಕಾದ ನಿಯಮ, ಊರು, ಪಾತ್ರ ಎಲ್ಲ ಇರುವ ಪುಸ್ತಕ ನಮ್ಮ ಸರಕು.

ಈ ಉದ್ಯಮ ಹುಟ್ಟಿದ ಊರು ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದೂರ. ಲೇಕ್ ಜಿನೀವಾ. 1973ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವರ ಬಾಲ್ಯದ ಗೆಳೆಯ ಡಾನ್ ಕೇ ಅಲ್ಲಿ ಟಿಎಸ್‌ಆರ್ ಅನ್ನೋ ಕಂಪನಿ ಶುರುಮಾಡಿದರು. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಮನೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡುತ್ತಿದ್ದರು. ಬಂಡವಾಳ ಸಾಲದೆ ಬ್ರಯಾನ್ ಬ್ಲೂಮ್ ಅನ್ನೋರನ್ನೂ ಸೇರಿಸಿಕೊಂಡರು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ 1974ರಲ್ಲಿ ಹೊರಬಂತು. ಒಂದು ಡಬ್ಬ, ಒಳಗೆ ಮೂರು ಸಣ್ಣ ಪುಸ್ತಕ, ಬೆಲೆ 10 ಡಾಲರ್. 1000 ಪ್ರತಿ. ಮನೆಯಲ್ಲೇ ಕೂತು ಕೈಯಿಂದಲೇ ಡಬ್ಬ ತುಂಬಿದರು.

ಆ 1000 ಅನ್ನೋ ಸಂಖ್ಯೆ ನನಗೆ ಧೈರ್ಯ ಕೊಟ್ಟಿತು. ಅವರು ಸಾವಿರ ಮಾಡಿದರು, ನಾನು 600 ಮಾಡಿದರೆ ಏನು ಅಂತ. 64 ಪುಟ, ಒಂದಕ್ಕೆ 4 ಡಾಲರ್ ಖರ್ಚು, ಮುಖಬೆಲೆ 20 ಡಾಲರ್.

ಅಚ್ಚಿಗೆ ಕೊಡುವ ಮೊದಲು ಒಂದು ಕೆಲಸ ಸರಿಯಾಗಿ ಮಾಡಿದ್ದೆ. ಚಿತ್ರ ಬರೆದುಕೊಟ್ಟ ಗೆಳೆಯನಿಗೆ ಇದರಲ್ಲಿ ಕಾಲು ಪಾಲು. ಇಬ್ಬರಲ್ಲಿ ಒಬ್ಬರು ಹೋದರೆ ಆ ಪಾಲಿಗೆ ಬೆಲೆ ಕಟ್ಟೋದು ಹೇಗೆ, ಅದನ್ನು ಯಾರು ಕೊಳ್ಳಬೇಕು ಅಂತ ಎರಡು ಪುಟ ಬರೆದು ಸಹಿ ಹಾಕಿದೆವು. ಗೆಳೆಯನಿಗೆ ಸ್ವಲ್ಪ ಮುಜುಗರ ಆಯ್ತು. ಆದರೆ ಡಾನ್ ಕೇ 1975ರ ಜನವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ. ಅವರ ಪಾಲನ್ನು ಕೊಳ್ಳುವಷ್ಟು ದುಡ್ಡು ಗೈಗ್ಯಾಕ್ಸ್ ಹತ್ತಿರ ಇರಲಿಲ್ಲ. ಕ್ರಮೇಣ ಹೆಚ್ಚಿನ ಷೇರು ಬ್ಲೂಮ್ ಕುಟುಂಬದ ಕೈ ಸೇರಿತು. 1985ರಲ್ಲಿ ಹಿಡಿತ ಕಂಪನಿಯ ಆಡಳಿತಕ್ಕೆ ಸೇರಿಕೊಂಡಿದ್ದ ಲೊರೇನ್ ವಿಲಿಯಮ್ಸ್ ಅವರಿಗೆ ಹೋಯ್ತು. ಆಟ ಮಾಡಿದ ಮನುಷ್ಯನೇ ಮಾರನೇ ವರ್ಷ ಕಂಪನಿ ಬಿಟ್ಟು ಹೊರನಡೆದರು. ಆ ಊರಿಗೆ ಹೋದಾಗಲೆಲ್ಲ ನನಗೆ ಇದು ನೆನಪಾಗಿ ಸಂಕಟ ಆಗುತ್ತೆ.

ಇಷ್ಟು ಓದಿಕೊಂಡವನು ಇನ್ನೊಂದು ಪಾಠವನ್ನು ಓದಿಯೂ ಎಡವಿದೆ.

ಟಿಎಸ್‌ಆರ್‌ನ ಪುಸ್ತಕಗಳನ್ನು ಪುಸ್ತಕದಂಗಡಿಗಳಿಗೆ ಹಂಚುತ್ತಿದ್ದದ್ದು ರ್ಯಾಂಡಮ್ ಹೌಸ್ ಅನ್ನೋ ದೊಡ್ಡ ಪ್ರಕಾಶನ ಸಂಸ್ಥೆ. ಆ ಒಪ್ಪಂದ 1979ರಿಂದಲೇ ಇತ್ತು. ಪುಸ್ತಕ ಗೋದಾಮು ಸೇರಿದ ಮೇಲೆ ಟಿಎಸ್‌ಆರ್‌ಗೆ ಮುಂಗಡ ಬರುತ್ತಿತ್ತು. ಓದುಗ ಕೊಂಡನೋ ಇಲ್ಲವೋ, ಅದು ಆಮೇಲಿನ ಮಾತು. ಹಾಗಾಗಿ ದುಡ್ಡು ಬೇಕು ಅನ್ನಿಸಿದರೆ ಇನ್ನಷ್ಟು ಪುಸ್ತಕ ಅಚ್ಚು ಹಾಕಿ ಕಳಿಸಿದರೆ ಆಯ್ತು! ಆದರೆ ಆ ಪುಸ್ತಕ ಮಾರಾಟ ಆಗದೆ ಉಳಿದರೆ ವಾಪಸ್ ಬರುತ್ತೆ. ಆಗ ಮುಂಗಡವೇ ಸಾಲ. ಆ ಸಾಲ ತೀರಿಸಲು ಮತ್ತೆ ಹೊಸ ಪುಸ್ತಕ ಕಳಿಸಬೇಕು. ಅದೂ ಉಳಿದರೆ?

1996ರ ಹೊತ್ತಿಗೆ ಅದೇ ಆಯ್ತು. ಡ್ರ್ಯಾಗನ್ ಡೈಸ್ ಅನ್ನೋ ದಾಳದ ಆಟವನ್ನೂ ದಪ್ಪ ರಟ್ಟಿನ ಕಾದಂಬರಿಗಳನ್ನೂ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಮಾಡಿಸಿದ್ದರು. ಸರಕು ರಾಶಿ ರಾಶಿಯಾಗಿ ಹಿಂದಿರುಗಿತು. ಕೊನೆಗೆ ಅಚ್ಚು ಮಾಡುವವರೂ ಬಾಕಿ ಕೊಡದೆ ಮುಟ್ಟಲ್ಲ ಅಂದರು. ಹೊಸ ಪುಸ್ತಕ ಬರೋದು ನಿಂತಿತು. ಅಂದರೆ ಹಳೆ ಸಾಲ ತೀರಿಸುವ ದಾರಿಯೂ ಮುಚ್ಚಿತು. 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಅನ್ನೋ ಇನ್ನೊಂದು ಆಟದ ಕಂಪನಿ ಟಿಎಸ್‌ಆರ್ ಅನ್ನು ಕೊಂಡಿತು. ಆ ಕಂಪನಿಯನ್ನೇ 1999ರಲ್ಲಿ ಆಟಿಕೆ ಮಾಡುವ ಹ್ಯಾಸ್‌ಬ್ರೊ ಕೊಂಡಿತು.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದು ನೋಡಿ. ಒಬ್ಬ ವಿತರಕರು 450 ಪ್ರತಿ ತೆಗೆದುಕೊಂಡರು. ಒಂದಕ್ಕೆ 8 ಡಾಲರ್, ಒಟ್ಟು 3600 ಡಾಲರ್, ಒಂದೇ ಸಲ. ಉಳಿದದ್ದನ್ನು ವಾಪಸ್ ಕಳಿಸಬಹುದು ಅಂತ ಕರಾರಿನಲ್ಲಿ ಒಂದು ಸಾಲಿತ್ತು. ಓದಿದ್ದೆ ಕೂಡ. ಬಂದ ದುಡ್ಡನ್ನೆಲ್ಲ ಎರಡನೇ ಪುಸ್ತಕಕ್ಕೆ ಸುರಿದೆ. ಆ ಪುಸ್ತಕದ 200 ಪ್ರತಿಯನ್ನು ಅವರೇ ತೆಗೆದುಕೊಂಡರು. 1600 ಡಾಲರ್ ಬರಬೇಕಿತ್ತು. ಬಂದದ್ದು ಒಂಬತ್ತು ಡಬ್ಬ. ಮೊದಲ ಪುಸ್ತಕದ 310 ಪ್ರತಿಗೆ ನಾನೇ 2480 ಡಾಲರ್ ಕೊಡಬೇಕು. ಎರಡನೆಯದರ ದುಡ್ಡು ಅದಕ್ಕೇ ವಜಾ. ಇನ್ನೂ 880 ಬಾಕಿ. ಅದನ್ನು ಸಂಬಳದಿಂದ ಕಟ್ಟಿದೆ.

ಡಬ್ಬ ಬಿಚ್ಚುವಾಗ ಅಪ್ಪನ ಅಂಗಡಿ ನೆನಪಾಯ್ತು. ಹಾಸನದಲ್ಲಿ ಅವರದು ಪುಸ್ತಕ, ಸ್ಟೇಷನರಿ ಅಂಗಡಿ. ಜೂನ್‌ನಲ್ಲಿ ಗೈಡುಗಳು ಬರುತ್ತಿದ್ದವು. ದಸರಾ ರಜೆಯಲ್ಲಿ ಉಳಿದದ್ದನ್ನು ಹುರಿ ಹಾಕಿ ಕಟ್ಟಿ ಪ್ರಕಾಶಕರಿಗೆ ಹಿಂದಕ್ಕೆ ಕಳಿಸುತ್ತಿದ್ದೆವು. ಕಟ್ಟುವ ಕೆಲಸ ನನ್ನದು. ಹುರಿ ಬಿಗಿಯಾದರೆ ಪುಸ್ತಕದ ಮೂಲೆ ಮಡಚಿಕೊಳ್ಳುತ್ತಿತ್ತು. ನನ್ನ ಡಬ್ಬಗಳಲ್ಲೂ ಸುಮಾರು ನಲವತ್ತು ಪುಸ್ತಕದ ಮೂಲೆ ಮಡಚಿತ್ತು. ಆ ಗೈಡಿನ ಪ್ರಕಾಶಕರ ಬಗ್ಗೆ ನಾನು ಆವತ್ತಿನವರೆಗೂ ಒಂದು ಸಲವೂ ಯೋಚನೆ ಮಾಡಿರಲಿಲ್ಲ.

ಅಲ್ಲಿಂದ ಲೆಕ್ಕ ಬರೆಯುವ ರೀತಿ ಬದಲಾಯಿಸಿದೆ. ‘ಅಂಗಡಿಗೆ ಹೋಗಿದೆ’ ಒಂದು ಕಾಲಂ, ‘ಓದುಗ ಕೊಂಡ’ ಇನ್ನೊಂದು. ಮೊದಲನೆಯದರಲ್ಲಿ ಇರುವ ದುಡ್ಡು ಬ್ಯಾಂಕಿಗೆ ಬಂದಿದ್ದರೂ ಮುಟ್ಟೋದಿಲ್ಲ. ವಿತರಕರ ಮೂಲಕ ಕೊಡೋದು ನಿಲ್ಲಿಸಿದೆ. ಏಳು ಅಂಗಡಿಗಳಿಗೆ ನಾನೇ ನೇರವಾಗಿ ಕೊಡುತ್ತೇನೆ. ಅರ್ಧ ಬೆಲೆಗೆ, ವಾಪಸ್ ಇಲ್ಲ ಅಂತ. ಹಾಗಾಗಿ ಅವರು ಐದು, ಆರು ಪ್ರತಿಗಿಂತ ಜಾಸ್ತಿ ತೆಗೆದುಕೊಳ್ಳಲ್ಲ. ಅದೇ ಸರಿಯಾದ ಸಂಖ್ಯೆ. ಒಂದು ಸಲಕ್ಕೆ 100 ಪ್ರತಿ ಮಾತ್ರ ಅಚ್ಚು. ಒಂದಕ್ಕೆ 4 ಇದ್ದ ಖರ್ಚು 6 ಡಾಲರ್ ಆಗುತ್ತೆ. ಆಗಲಿ. ಮೂರನೇ ಒಂದು ಭಾಗ ಆದಾಯ ಪಿಡಿಎಫ್‌ನಿಂದ ಬರುತ್ತೆ, ಅದು ಯಾವತ್ತೂ ಡಬ್ಬದಲ್ಲಿ ಹಿಂದಿರುಗಲ್ಲ.

ಹೊಸ ಪುಸ್ತಕಗಳ ಕಥೆಯನ್ನೂ ಮೊದಲ ಪುಸ್ತಕದ ಊರಿನಲ್ಲೇ ಇಟ್ಟಿದ್ದೇನೆ. ಟಿಎಸ್‌ಆರ್ ತೊಂಬತ್ತರ ದಶಕದಲ್ಲಿ ಡಾರ್ಕ್ ಸನ್, ಪ್ಲೇನ್‌ಸ್ಕೇಪ್, ಬರ್ತ್‌ರೈಟ್ ಅಂತ ಆಟದ ಕಥೆ ನಡೆಯೋಕೆ ಒಂದರ ಮೇಲೊಂದು ಹೊಸ ಲೋಕ ಮಾಡಿತು. ಒಂದೊಂದೂ ಚೆನ್ನಾಗಿದೆ, ನನಗೆ ಪ್ಲೇನ್‌ಸ್ಕೇಪ್ ಅಂದರೆ ಪ್ರಾಣ. ಆದರೆ ಒಂದನ್ನು ಆಡುವವರು ಇನ್ನೊಂದನ್ನು ಕೊಳ್ಳುತ್ತಿರಲಿಲ್ಲ. ಇದ್ದ ಗಿರಾಕಿಗಳೇ ಹಂಚಿಹೋದರು. ನಿಯಮದ ವಿಷಯದಲ್ಲಿ ನಮ್ಮ ಕಾಲ ಒಳ್ಳೆಯದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ತಳಹದಿಯ ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಪರವಾನಗಿ ಅಡಿಯಲ್ಲಿ ಬಂದವು. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ನನ್ನ ಮೂರನೇ ಪುಸ್ತಕ ಅದರ ಮೇಲೇ ನಿಂತಿದೆ.

ಆ 310ರಲ್ಲಿ ಮೂಲೆ ಮಡಚಿದ್ದನ್ನು ಶಾಲೆಯ ಗೇಮ್ ಕ್ಲಬ್ಬುಗಳಿಗೆ ಸುಮ್ನೆ ಕೊಟ್ಟೆ. ಉಳಿದದ್ದನ್ನು ಎರಡು ವರ್ಷ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಸಣ್ಣಪುಟ್ಟ ಮೇಳಗಳಿಗೆ ಹೋಗಿ, ಅಲ್ಲೇ ಆಡಿಸಿ, ಮಾರಿದೆ. ಒಂದು ಮೇಜಿಗೆ ಐದು ಜನ ಕೂತರೆ ಇಬ್ಬರು ಕೊಳ್ಳುತ್ತಾರೆ. ಈಗ ಗ್ಯಾರೇಜಿನಲ್ಲಿ ಒಂದು ಡಬ್ಬ ಇದೆ, ಅದರಲ್ಲಿ 11 ಪ್ರತಿ. ಬರುವ ಶನಿವಾರ ಲೇಕ್ ಜಿನೀವಾ ಕಡೆ ಆಟ ಇದೆ. ಮಗಳು ಸೂಟ್‌ಕೇಸಿಗೆ ಆರು ಇಟ್ಟಿದ್ದಾಳೆ.